ಗಾಜಿನ ಬಿರುಕು ನೋಡಿ ಬೆಂಕಿ ಹಚ್ಚಿದ್ದಾರೆ ಎನ್ನಬಹುದೇ?

ಸುಟ್ಟ ಮನೆಯ ಫೋಟೋ ಜೊತೆ "ಕಿಟಕಿ ಗಾಜು ನೋಡಿ, ಪೆಟ್ರೋಲ್ ಸುರಿದೇ ಹಚ್ಚಿದ್ದಾರೆ" ಎಂಬ ಮಾತೂ ಫಾರ್ವರ್ಡ್ ಆಗುತ್ತದೆ. ಗಾಜು ಅಷ್ಟೆಲ್ಲ ಹೇಳುವುದಿಲ್ಲ.

ಅಮೆರಿಕದ ಟೆಕ್ಸಾಸ್‌ನಲ್ಲಿ 1991ರಲ್ಲಿ ಮನೆಗೆ ಬೆಂಕಿ ಬಿದ್ದು ಮೂವರು ಹೆಣ್ಣುಮಕ್ಕಳು ಸತ್ತರು. ಗಾಜಿನ ಬಿರುಕು, ನೆಲದ ಸುಟ್ಟ ಕಲೆಗಳನ್ನೂ ಸಾಕ್ಷಿಯಾಗಿಸಿ, ತಂದೆ ಕ್ಯಾಮರಾನ್ ಟಾಡ್ ವಿಲ್ಲಿಂಗ್‌ಹ್ಯಾಮ್ ಅವರೇ ಹಚ್ಚಿದರೆಂದು ತನಿಖೆ ಹೇಳಿತು. 2004ರಲ್ಲಿ ಅವರಿಗೆ ಮರಣದಂಡನೆಯಾಯಿತು.

ಆದರೆ ಕಾದ ಗಾಜಿಗೆ ನೀರು ಬಿದ್ದರೂ ಅದೇ ಬಿರುಕು ಮೂಡುತ್ತದೆ. ಚಾವಣಿಯ ಕೆಳಗೆ ಬಿಸಿ ಹೊಗೆ ತುಂಬಿ ಇಡೀ ಕೋಣೆ ಒಮ್ಮೆಲೇ ಹೊತ್ತಿಕೊಂಡರೆ, ಏನೂ ಸುರಿಯದಿದ್ದರೂ ನೆಲದಲ್ಲಿ ಅಂಥದ್ದೇ ಕಲೆ ಉಳಿಯುತ್ತದೆ. ಪ್ರಕರಣವನ್ನು ಮರುಪರಿಶೀಲಿಸಿದ ಅಗ್ನಿತಜ್ಞರು, ಬೇಕೆಂದೇ ಹಚ್ಚಿದ್ದಕ್ಕೆ ಪುರಾವೆಯಿಲ್ಲ ಎಂದರು.

ಬೆಂಕಿ ಎಲ್ಲಿ ಶುರುವಾಯಿತು, ಯಾವುದು ಹೊತ್ತಿಸಿತು, ಉಳಿದ ಕಾರಣಗಳು ಯಾಕಲ್ಲ? ಇವಿಷ್ಟಕ್ಕೂ ಉತ್ತರ ಸಿಗುವವರೆಗೆ ಅಂಥ ಫಾರ್ವರ್ಡ್‌ಗಳನ್ನು ನಾವು ನಂಬುವುದಿಲ್ಲ, ನೀವೂ ಹಂಚಬೇಡಿ.