ತಾಳಗುಂದ
ತಾಳಗುಂದವು ಕರ್ನಾಟಕದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವ ಒಂದು ಗ್ರಾಮ. ಶಾಸನಗಳಲ್ಲಿ ಇದರ ಹೆಸರು ಸ್ಥಾಣಕುಂದೂರು. ಬನವಾಸಿಯನ್ನು ರಾಜಧಾನಿಯಾಗಿಸಿಕೊಂಡು ಆಳಿದ ಕದಂಬರ ಮೂಲವನ್ನು ತಿಳಿಯಲು ಮುಖ್ಯ ಆಧಾರವಾದ ಸ್ತಂಭಶಾಸನವು ಇಲ್ಲಿದೆ. ಶಿರಾಳಕೊಪ್ಪ, ಬಳ್ಳಿಗಾವೆ ಮತ್ತು ಅಕ್ಕಮಹಾದೇವಿಯ ಜನ್ಮಸ್ಥಳವಾದ ಉಡುತಡಿ ಇದೇ ಪರಿಸರದಲ್ಲಿವೆ.

ಪ್ರಣವೇಶ್ವರ ದೇವಾಲಯ
ಗ್ರಾಮದ ಪ್ರಾಚೀನ ಶಿವಾಲಯವಿದು. ಶಾತಕರ್ಣಿ ಮೊದಲಾದ ಅರಸರು ಇಲ್ಲಿಯ ದೇವರನ್ನು ಪೂಜಿಸಿದ್ದರೆಂದು ಸ್ತಂಭಶಾಸನವು ಹೇಳುವುದರಿಂದ, ಈ ಕ್ಷೇತ್ರವು ಕದಂಬರಿಗಿಂತಲೂ ಹಿಂದಿನದೆಂದು ತಿಳಿಯುತ್ತದೆ. ಮೃಗೇಶವರ್ಮನ ರಾಣಿ ಪ್ರಭಾವತಿಯನ್ನು ಹೆಸರಿಸುವ ಶಾಸನವೂ ಇಲ್ಲಿ ದೊರೆತಿದೆ. ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

ಸ್ತಂಭಶಾಸನ
ದೇವಾಲಯದ ಮುಂದೆ ನಿಂತಿರುವ ಎಂಟು ಮುಖಗಳ ಕಲ್ಲಿನ ಕಂಬದ ಮೇಲೆ ಈ ಸಂಸ್ಕೃತ ಶಾಸನವಿದೆ. ಸಾಲುಗಳು ಕಂಬದ ಉದ್ದಕ್ಕೆ, ಕೆಳಗಿನಿಂದ ಮೇಲಕ್ಕೆ ಸಾಗುತ್ತವೆ. ಇದನ್ನು 5ನೆಯ ಶತಮಾನದಲ್ಲಿ ಶಾಂತಿವರ್ಮನ ಆಳ್ವಿಕೆಯಲ್ಲಿ ಕೆತ್ತಲಾಯಿತು. ಕವಿ ಕುಬ್ಜನು ತಾನೇ ರಚಿಸಿದ ಈ ಕಾವ್ಯವನ್ನು ತಾನೇ ಕಲ್ಲಿನಲ್ಲಿ ಬರೆದನು. ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮನು ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುವುದೇ ಇದರ ಉದ್ದೇಶ. ಆ ಸಂದರ್ಭದಲ್ಲಿ ಕವಿಯು ರಾಜವಂಶದ ಕಥೆಯನ್ನೂ ಹೇಳಿದ್ದಾನೆ.

ಶಾಸನದ ಪ್ರಕಾರ ಕದಂಬರು ಮಾನವ್ಯ ಗೋತ್ರದ ಬ್ರಾಹ್ಮಣರು. ಮನೆಯ ಬಳಿ ಬೆಳೆದಿದ್ದ ಕದಂಬ ವೃಕ್ಷದಿಂದ ಕುಲಕ್ಕೆ ಆ ಹೆಸರು ಬಂದಿತು. ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಪಲ್ಲವರ ಕಾಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಉಂಟಾದ ಕಲಹದಲ್ಲಿ ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನು. ಪಲ್ಲವರ ಗಡಿಕಾವಲುಗಾರರನ್ನು ಸೋಲಿಸಿ ಶ್ರೀಪರ್ವತದ ಕಾಡಿನಲ್ಲಿ ನೆಲೆಯೂರಿದನು. ಬೃಹದ್ಬಾಣರಿಂದ ಕಪ್ಪ ಪಡೆದನು. ಕೊನೆಗೆ ಪಲ್ಲವರು ಅವನೊಡನೆ ಸಂಧಿ ಮಾಡಿಕೊಂಡು ಪಶ್ಚಿಮ ಸಮುದ್ರದವರೆಗಿನ ಪ್ರದೇಶವನ್ನು ಅವನಿಗೆ ಬಿಟ್ಟುಕೊಟ್ಟರು. ಇದು ಸುಮಾರು ಒಂದು ಶತಮಾನದ ಅನಂತರ ಆಸ್ಥಾನದ ಕವಿಯೊಬ್ಬನು ಹೇಳಿದ ವೃತ್ತಾಂತವೆಂಬುದನ್ನು ಓದುವಾಗ ಗಮನಿಸಬೇಕು.

ಬಿ. ಎಲ್. ರೈಸ್ ಈ ಶಾಸನವನ್ನು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. ಬಳಿಕ ಕೀಲ್‌ಹಾರ್ನ್ ಇದನ್ನು ಎಪಿಗ್ರಾಫಿಯಾ ಇಂಡಿಕದಲ್ಲಿ ಸಂಪಾದಿಸಿದರು.

ಸಿಂಹಕಟಾಂಜನ ಶಾಸನ
2013ರಲ್ಲಿ ಪುರಾತತ್ತ್ವ ಇಲಾಖೆಯು ದೇವಾಲಯದ ಬಳಿ ನಡೆಸಿದ ಉತ್ಖನನದಲ್ಲಿ, ಸಿಂಹದ ಆಕೃತಿಯುಳ್ಳ ಮೆಟ್ಟಿಲ ಕಟಾಂಜನದ ಮೇಲೆ ಶಾಸನವೊಂದು ಸಿಕ್ಕಿತು. ಇದರಲ್ಲಿ ಕನ್ನಡವೂ ಸಂಸ್ಕೃತವೂ ಇವೆ. ಇಲಾಖೆಯು ಇದರ ಕಾಲವನ್ನು ಕ್ರಿ. ಶ. 370 ಎಂದು ಸೂಚಿಸಿದೆ. ಈ ನಿರ್ಣಯವನ್ನು ಒಪ್ಪಿದರೆ, ಸುಮಾರು ಕ್ರಿ. ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನಕ್ಕಿಂತ ಇದು ಹಳೆಯದಾಗುತ್ತದೆ; ಕನ್ನಡದ ಬರವಣಿಗೆಯ ಇತಿಹಾಸವು ಇನ್ನಷ್ಟು ಹಿಂದಕ್ಕೆ ಹೋಗುತ್ತದೆ.

ಅಗ್ರಹಾರ
ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂಬ ಐತಿಹ್ಯವು ನಂತರದ ಶಾಸನಗಳಲ್ಲಿದೆ. 12ನೆಯ ಶತಮಾನದ ಶಾಸನವೊಂದು ಈ ಅಗ್ರಹಾರದಲ್ಲಿ ವೇದಗಳ ಜೊತೆಗೆ ಕನ್ನಡ ಅಕ್ಷರ ಕಲಿಸುವುದಕ್ಕೂ ದತ್ತಿಯಿದ್ದುದನ್ನು ತಿಳಿಸುತ್ತದೆ. ವಿದ್ಯೆಗಾಗಿ ಕಾಂಚಿಗೆ ಹೋದವನ ಊರು ಹೀಗೆ ಮುಂದೆ ತಾನೇ ವಿದ್ಯಾಕೇಂದ್ರವಾಗಿ ಬೆಳೆಯಿತು.