ಟೆಲಿಫೋನ್ ಕಂಡುಹಿಡಿದವನ ಮನೆಯಾಕೆ

ಈ ಬರಹವನ್ನು ನೀವು ಓದುತ್ತಿರುವುದು ಫೋನಿನಲ್ಲಿ. ಫೋನಿಗೆ ಮೊದಲ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಹೆಂಡತಿ ಮೇಬಲ್ ಹಬರ್ಡ್‌ಗೆ ಅದರಲ್ಲಿ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಸುಮಾರು ಐದನೇ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂದು ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದಳು.

ಬೆಲ್‌ಗೆ ಇದು ಹೊಸತಲ್ಲ. ಅವನ ತಾಯಿಗೂ ಕಿವಿ ಮಂದ. ಉಳಿದವರು ಕೊಳವೆಯಲ್ಲಿ ಕೂಗಿ ಹೇಳಿದರೆ, ಮಗ ಮಾತ್ರ ಅವಳ ಹಣೆಯ ಹತ್ತಿರ ಬಾಯಿಟ್ಟು ಮೆಲ್ಲಗೆ ಮಾತಾಡುತ್ತಿದ್ದ. ನೆಂಟರು ಹರಟುವಾಗ ಬೆರಳಿನ ಅಕ್ಷರಗಳಲ್ಲಿ ಅವಳಿಗೆ ಎಲ್ಲ ತಿಳಿಸುತ್ತಿದ್ದ.

ಮೇಬಲ್ 1873ರಲ್ಲಿ ಬಾಸ್ಟನ್‌ನಲ್ಲಿ ಅವನ ಶಿಷ್ಯೆಯಾದಳು. 1876ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ವಸ್ತುಪ್ರದರ್ಶನಕ್ಕೆ ಫೋನ್ ಒಯ್ಯಲು ಬೆಲ್ ಒಲ್ಲೆನೆಂದ. ಅವಳು ಅವನನ್ನು ರೈಲು ಸ್ಟೇಷನ್ನಿಗೆ ಕರೆದೊಯ್ದಳು. ಅವನು ವಾದಕ್ಕಿಳಿದಾಗ ಸುಮ್ಮನೆ ಮುಖ ತಿರುಗಿಸಿಕೊಂಡಳಂತೆ. ತುಟಿ ಕಾಣದ ಮೇಲೆ ವಾದವೆಲ್ಲಿ? (ಈ ಅನುಕೂಲ ಎಷ್ಟು ಹೆಂಡತಿಯರಿಗಿದೆ ಹೇಳಿ!) ಅವನು ಹೋದ, ಆ ಪ್ರದರ್ಶನದಿಂದಲೇ ಫೋನ್ ಹೆಸರಾಯಿತು. 1877ರಲ್ಲಿ ಮದುವೆಯಾದಾಗ ತನಗೆ 10 ಷೇರು ಇಟ್ಟುಕೊಂಡು ಕಂಪನಿಯ ತನ್ನ ಉಳಿದೆಲ್ಲ ಷೇರುಗಳನ್ನು ಅವಳ ಹೆಸರಿಗೆ ಬರೆದ.

ಇಲ್ಲಿಗೆ ಚಂದದ ಕಥೆ. ಆದರೆ ಇದೇ ಮನುಷ್ಯ 1883ರಲ್ಲಿ ವಿಜ್ಞಾನಿಗಳ ಮುಂದೆ ಒಂದು ಪ್ರಬಂಧ ಓದಿದ. ಕಿವಿ ಕೇಳದವರು ತಮ್ಮತಮ್ಮಲ್ಲೇ ಮದುವೆಯಾದರೆ ಕಿವುಡರದೇ ಒಂದು ತಳಿ ಬೆಳೆದೀತು ಎಂಬುದು ಅವನ ಭಯ. ಕಾನೂನಿನಿಂದ ಮದುವೆ ತಡೆಯುವುದು ಬೇಡವೆಂದ, ಆದರೆ ಅವರನ್ನು ಒಂದುಗೂಡಿಸುವ ವಸತಿ ಶಾಲೆ, ಸನ್ನೆ ಭಾಷೆ, ಕಿವಿ ಕೇಳದ ಮೇಷ್ಟ್ರು ಯಾವುದೂ ಬೇಡವೆಂದ. ತನ್ನ ಹೆಂಡತಿ ತುಟಿ ಓದಿ ಸಂಸಾರ ಮಾಡಿದಳು, ಎಲ್ಲರೂ ಹಾಗೇ ಮಾಡಲಿ ಎಂದುಕೊಂಡನೇನೋ. ಸನ್ನೆಯಲ್ಲೇ ಜಗಳವಾಡಿ ಸನ್ನೆಯಲ್ಲೇ ರಾಜಿಯಾಗುವ ಗಂಡ ಹೆಂಡಿರು ಅವನ ಲೆಕ್ಕಕ್ಕೆ ಬರಲಿಲ್ಲ. 1898ರಲ್ಲಿ ಎಡ್ವರ್ಡ್ ಫೇ ಎಂಬವರು ಇಂಥ ಸಾವಿರಾರು ಮದುವೆಗಳ ಲೆಕ್ಕ ತೆಗೆದರು. ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ ಕಿವುಡು ಮಕ್ಕಳೇ ಇರಲಿಲ್ಲ. ಆ ಪುಸ್ತಕ ಪ್ರಕಟಿಸಿದ್ದು ಬೆಲ್ ಕಟ್ಟಿದ ಸಂಸ್ಥೆಯೇ.

1922ರ ಆಗಸ್ಟ್ 2ರಂದು ಕೆನಡಾದ ತನ್ನ ಮನೆಯಲ್ಲಿ ಬೆಲ್ ತೀರಿಕೊಂಡ. ಬಿಟ್ಟು ಹೋಗಬೇಡ ಎಂದು ಮೇಬಲ್ ಕೇಳಿದಾಗ ಅವನಿಗೆ ಮಾತಾಡುವ ಶಕ್ತಿ ಇರಲಿಲ್ಲ. ಅವಳ ಕೈಯಲ್ಲಿ ಬೆರಳಾಡಿಸಿ ಸನ್ನೆಯಲ್ಲೇ 'ಇಲ್ಲ' ಎಂದನಂತೆ. ಐದು ತಿಂಗಳಲ್ಲಿ ಅವಳೂ ಹೋದಳು.