ಮುಟ್ಟಿದರೆ ಅಂಟದ ರೋಗ

ಚರ್ಮದ ಮೇಲೆ ಕೆಂಪು ಮಚ್ಚೆಗಳೆದ್ದು ಬೆಳ್ಳಿಬಣ್ಣದ ಹೊಟ್ಟು ಉದುರುವ ರೋಗ ಸೋರಿಯಾಸಿಸ್. ನಮ್ಮ ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಇದನ್ನು ಕುಷ್ಠವೆಂದು ಶಂಕಿಸಿ, ಮದುವೆಯ ಪಂಕ್ತಿಯಲ್ಲಿ ರೋಗಿಯನ್ನು ದೂರ ಕೂಡಿಸಿದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಈ ರೋಗದ ಇತಿಹಾಸವನ್ನು ನನ್ನ ವಿದ್ಯಾರ್ಥಿಗಳೂ ಬಂಧುಗಳೂ ತಿಳಿಯಬೇಕೆಂದು ಬಯಸುತ್ತೇನೆ.

ಈ ಭ್ರಮೆ ನಮ್ಮದಷ್ಟೇ ಅಲ್ಲ. ಯುರೋಪಿನ ವೈದ್ಯರೂ ಶತಮಾನಗಳ ಕಾಲ ಈ ಎರಡು ರೋಗಗಳನ್ನು ಬೆರೆಸಿದ್ದರು. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಅವುಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದರು. ಸೋರಿಯಾಸಿಸ್ಸಿಗೆ ಹಾಗೆ ಒಬ್ಬರಿಂದ ಒಬ್ಬರಿಗೆ ದಾಟುವ ರೋಗಾಣುವೇ ಇಲ್ಲ.

ಹಾಗಾದರೆ ಕಾರಣವೇನು? ಬಹುಕಾಲ ವಿಜ್ಞಾನಿಗಳು ದೋಷವನ್ನು ಚರ್ಮದ ಕೋಶಗಳಲ್ಲಿಯೇ ಹುಡುಕಿದರು. ಸೈಕ್ಲೋಸ್ಪೋರಿನ್ ಎಂಬುದು ಕಸಿಮಾಡಿದ ಅಂಗವನ್ನು ದೇಹವು ತಿರಸ್ಕರಿಸದಂತೆ ತಡೆಯುವ ಔಷಧ. ಅದನ್ನು ಕೀಲುರೋಗಿಗಳಿಗೆ ಕೊಟ್ಟು ನೋಡಿದಾಗ ಕೆಲವರ ಸೋರಿಯಾಸಿಸ್ ಕೂಡ ಮಾಯವಾದ ಸಂಗತಿ 1979ರಲ್ಲಿ ಪ್ರಕಟವಾಯಿತು. ಆ ಔಷಧ ತಣಿಸುವುದು ರಕ್ತದ ಟಿ ಕೋಶಗಳನ್ನು. ಅಂದರೆ ದೇಹವನ್ನು ಕಾಯಬೇಕಾದ ಕಾವಲುಗಾರರೇ ದೇಹದ ಮೇಲೆ ತಿರುಗಿಬಿದ್ದಿದ್ದರು! ಇಂಥವನ್ನೇ ವೈದ್ಯರು ಆಟೋಇಮ್ಯೂನ್ ರೋಗಗಳೆನ್ನುತ್ತಾರೆ.

ಮುಂದಿನ ಅಧ್ಯಾಯವೊಂದು ನಮ್ಮ ರಾಜ್ಯದಲ್ಲಿಯೇ ನಡೆಯಿತು. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವಗಳ ತಯಾರಿಕೆಯಿಂದ ಆರಂಭವಾದ ಬಯೋಕಾನ್ ಸಂಸ್ಥೆ, ಕ್ಯೂಬಾ ದೇಶದ ಹವಾನಾ ನಗರದ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಇಟೋಲಿಝುಮ್ಯಾಬ್ ಎಂಬ ಪ್ರತಿಕಾಯವನ್ನು ಬೆಳೆಸಿತು. ಟಿ ಕೋಶದ ಮೈಮೇಲಿರುವ ಸಿಡಿ6 ಎಂಬ ಅಣುವನ್ನು ಹಿಡಿದು ಅದು ಕೋಶದ ಆವೇಶವನ್ನು ತಗ್ಗಿಸುತ್ತದೆ. ಭಾರತದಲ್ಲಿ 225 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, 12 ವಾರಗಳಲ್ಲಿ ಔಷಧ ಪಡೆದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ರೋಗ ಮುಕ್ಕಾಲು ಪಾಲು ಇಳಿಯಿತು. ಹುಸಿ ಔಷಧ ಪಡೆದವರಲ್ಲಿ ನೂರಕ್ಕೆ ಇಬ್ಬರು ಮೂವರಿಗೆ ಮಾತ್ರ. 2013ರಲ್ಲಿ ಸರ್ಕಾರದ ಅನುಮತಿ ದೊರೆಯಿತು. ಇದೇನೂ ರಾಮಬಾಣವಲ್ಲ, ಇದಕ್ಕಿಂತ ಹೆಚ್ಚು ಫಲ ನೀಡಿದ ಪ್ರತಿಕಾಯಗಳೂ ಬಂದಿವೆ. ಇಂಥ ಔಷಧಗಳು ದುಬಾರಿ. ಭೀಮೆಯ ದಂಡೆಯ ಕೂಲಿಕಾರನಿಗೆ ಅವು ಬೆಂಗಳೂರಿಗಿಂತಲೂ ದೂರ.

ಆದರೆ ಈ ಸಂಶೋಧನೆಯಿಂದ ದೊರೆತ ತಿಳಿವಳಿಕೆಗೆ ಬೆಲೆ ತೆರಬೇಕಿಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ಸೋರಿಯಾಸಿಸ್ಸಿನಲ್ಲಿ ಹಾಗಾಗದು. ಅನುಭವಿ ಚರ್ಮವೈದ್ಯರು ಬಹುಮಟ್ಟಿಗೆ ಕಣ್ಣಿನಿಂದಲೇ ರೋಗವನ್ನು ಗುರುತಿಸುತ್ತಾರೆ. ಸಂದೇಹವಿದ್ದರೆ ಚರ್ಮದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದು ವೇಳೆ ಕುಷ್ಠವೇ ಆಗಿದ್ದರೂ ಇಂದು ಅದು ಔಷಧದಿಂದ ಗುಣವಾಗುವ ರೋಗ. ರೋಗಿಯನ್ನು ಪಂಕ್ತಿಯಿಂದ ಎಬ್ಬಿಸಲು ನಮಗೆ ಯಾವ ಕಾರಣವೂ ಉಳಿದಿಲ್ಲ.